ಪಿಗ್ಮಿ ಅಕ್ಕನ ರಸೀದಿ ಪುಸ್ತಕ: ಊರಿನ ಹಳೇ ಕಲ್ಲುಗಳಿಗೆ ಹಣ ಎತ್ತುವುದು ಹೇಗೆ

ಸೊರಬದ ಕಡೆ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಪಿಗ್ಮಿ ಅಕ್ಕ ಅಂದರೆ ಎಲ್ಲರಿಗೂ ಗೊತ್ತು. 19 ವರ್ಷದಿಂದ ಇದೇ ಕೆಲಸ, ಸೊಸೈಟಿಗೆ ಮನೆಮನೆಯಿಂದ ದಿನದ ಉಳಿತಾಯ ಎತ್ತುವುದು. ಸ್ಕೂಟಿ, ಹೆಗಲಿಗೊಂದು ಚೀಲ, ಚೀಟಿ ಹೊಡೆಯುವ ಸಣ್ಣ ಮೆಷಿನ್. ದಿನಕ್ಕೆ 20, 50, ಜಾಸ್ತಿ ಅಂದರೆ 200 ರೂಪಾಯಿ. ಯಾರ ಮನೆಯಲ್ಲಿ ಯಾವಾಗ ದುಡ್ಡು ಇರುತ್ತದೆ, ಯಾರು ನಾಳೆ ಬಾ ಅಂದರೆ ನಿಜವಾಗಿ ನಾಳೆ ಕೊಡುತ್ತಾರೆ, ಯಾರು ನಾಳೆ ಬಾ ಅಂದರೆ ಬರಲೇಬೇಡ ಅಂತ ಅರ್ಥ, ಇಷ್ಟು ವಿದ್ಯೆ ನನಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರ ಕೆರೆ ಏರಿಯ ಕೆಳಗೆ 7 ವೀರಗಲ್ಲು (ಹೋರಾಡಿ ಸತ್ತವರ ನೆನಪಿನ ಕಲ್ಲು), 2 ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು), ಕೈ ಮುರಿದ ಒಂದು ಮಹಿಷಮರ್ದಿನಿ ಮೂರ್ತಿ ಇವೆ. ಎರಡು ವರ್ಷದ ಹಿಂದೆ ನಾಲ್ಕು ವೀರಗಲ್ಲು ಮಕಾಡೆ ಬಿದ್ದಿದ್ದವು. ಒಂದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ನಾನೂ ಒಗೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಗ ಹತ್ತೂ ಎದ್ದು ನಿಂತಿವೆ. ಅದಕ್ಕೆ ಖರ್ಚಾದದ್ದು 3,04,200 ರೂಪಾಯಿ. ಎತ್ತಿದ್ದು 3,16,450. ನಿಮ್ಮೂರಲ್ಲೂ ಇಂಥ ಕಲ್ಲುಗಳು ಬಿದ್ದಿದ್ದರೆ, ನಾವು ಎಡವಿದ ಕಡೆ ನೀವು ಎಡವದಿರಲಿ ಅಂತ ಇದನ್ನು ಬರೆದಿದ್ದು.

ಕಲ್ಲು ಯಾರದ್ದು?

ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆ ಇದನ್ನು ಕೇಳಿಕೊಳ್ಳಿ. ನಾವು ಕೇಳಿಕೊಳ್ಳಲಿಲ್ಲ. 8,000 ರೂಪಾಯಿ ಕೂಡಿದ ಮೇಲೆ ಒಬ್ಬರು, "ಅಕ್ಕ, ಯಾರ ಪರ್ಮಿಷನ್ ತಗೊಂಡ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟನ್ನೂ ಮನೆಮನೆಗೆ ಹೋಗಿ ವಾಪಸ್ ಕೊಟ್ಟು ಬಂದೆ. ಮರ್ಯಾದೆ ಹೋಯಿತು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ದುಡ್ಡು ವಾಪಸ್ ಕೊಟ್ಟವಳು ಅಂತ ಜನ ಇನ್ನೂ ಜಾಸ್ತಿ ನಂಬಿದರು.

ಮೊದಲು ಪಹಣಿ ತೆಗೆಸಿ. ಕಲ್ಲು ನಿಂತ ಜಾಗ ಗೋಮಾಳವೋ, ಕೆರೆ ಅಂಗಳವೋ, ಮುಜರಾಯಿ ದೇವಸ್ಥಾನದ್ದೋ, ಯಾರದ್ದೋ ತೋಟವೋ ನೋಡಿ. ಆಮೇಲೆ ಅದು ಸಂರಕ್ಷಿತ ಸ್ಮಾರಕವೋ ಅಲ್ಲವೋ ಕೇಳಿ. ಕೇಂದ್ರದ ಪಟ್ಟಿಗೆ 1958ರ ಕಾಯ್ದೆ, ರಾಜ್ಯದ ಪಟ್ಟಿಗೆ 1961ರ ಕಾಯ್ದೆ. ಪಟ್ಟಿಯಲ್ಲಿದ್ದರೆ ಅದರ ದುರಸ್ತಿ ಇಲಾಖೆಯ ಕೆಲಸ, ನಾವು ಕೈ ಹಚ್ಚುವ ಹಾಗಿಲ್ಲ. ಕೇಂದ್ರದ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಕುಪ್ಪಟೂರಿನ ಕೈಟಭೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ಇಂಥ ಕಡೆ ಅಕ್ಕಪಕ್ಕದಲ್ಲಿ ಕಲ್ಲುಗಳಿದ್ದರೆ ಇದು ನೆನಪಿರಲಿ.

ಪಟ್ಟಿಯಲ್ಲಿ ಇಲ್ಲದಿದ್ದರೂ ಹೇಗೆ ಬೇಕೋ ಹಾಗೆ ಮಾಡಬಹುದು ಅಂತಲ್ಲ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಲ್ಲಿದೆ. ನಮಗೆ ಹತ್ತಿರ ಅಂದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯ. ಅಲ್ಲಿಗೆ ಒಂದು ಅರ್ಜಿ, ಫೋಟೋ, ಗ್ರಾಮಸಭೆಯ ನಡಾವಳಿಯ ನಕಲು ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಹೋದವರು ಅರಮನೆ ಆವರಣವನ್ನೂ ಒಂದು ಸುತ್ತು ನೋಡಿ. ಊರೂರಿನಿಂದ ತಂದ ಕಲ್ಲುಗಳು ಸಾಲಾಗಿ ನಿಂತಿವೆ. ನಮ್ಮೂರಿನವರು ಅದನ್ನು ನೋಡಿಯೇ, "ನಮ್ದು ನಮ್ಮೂರಲ್ಲೇ ಇರ್ಲಿ" ಅಂತ ಹಠ ಹಿಡಿದಿದ್ದು.

ಓದಿಸಿ, ಆಮೇಲೆ ಕೇಳಿ

ನಾನು ಹೇಳಬೇಕಾದ ಮುಖ್ಯ ಮಾತು ಇದೇ. "ನಮ್ಮ ಪರಂಪರೆ ಉಳಿಸಲು ಸಹಾಯ ಮಾಡಿ" ಅಂತ ಹೋದರೆ 50 ರೂಪಾಯಿ ಕೊಟ್ಟು ಬಾಗಿಲು ಹಾಕುತ್ತಾರೆ. ಪರಂಪರೆ ಯಾರಿಗೆ ಬೇಕು? ಕಲ್ಲಿನಲ್ಲಿ ಏನಿದೆ ಅಂತ ಗೊತ್ತಾದರೆ ಮಾತ್ರ ಜನ ಕೊಡುತ್ತಾರೆ. ಹಾಗಾಗಿ ಮೊದಲ ದುಡ್ಡು ಅಧ್ಯಯನಕ್ಕೆ. ನಮಗೆ 14,600 ಆಯಿತು. ಅದನ್ನು ಊರಲ್ಲಿ ಎತ್ತಲಿಲ್ಲ. ಏಳು ಜನ ಸೇರಿ ಕೈಯಿಂದ ಹಾಕಿದೆವು.

ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಜಿಲ್ಲೆಗೇ ಎರಡು ಸಂಪುಟ ಇವೆ. ಏಳನೆಯದು 1902ರದು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಅದರಲ್ಲಿ ಸಿಗುತ್ತವೆ. ಎಂಟನೆಯದು 1904ರದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಅದರಲ್ಲಿವೆ. ತಾಲ್ಲೂಕು ಹೆಸರು, ಮುಂದೆ ಒಂದು ನಂಬರು, ಹೀಗೆ ಗುರುತು. ತಾಳಗುಂದದ ಕಂಬದ ಶಾಸನ ಶಿಕಾರಿಪುರ 176. ನಿಮ್ಮೂರಿನ ಕಲ್ಲು ಅದರಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೂ ಬೇಜಾರು ಬೇಡ, ರೈಸ್ ಸಾಹೇಬರ ಕಾಲದಲ್ಲಿ ನಿಮ್ಮ ಕಲ್ಲು ಮಣ್ಣಲ್ಲಿ ಇದ್ದಿರಬಹುದು. ತಾಳಗುಂದದ ಸಿಂಹಕಟಾಂಜನ ಶಾಸನ ಹಾಗೇ ಅಲ್ವಾ? ಪ್ರಣವೇಶ್ವರ ಗುಡಿಯ ಹತ್ತಿರ ಅಗೆಯುವವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಕ್ರಿ.ಶ. 370ರ ಹೊತ್ತಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಅನ್ನುತ್ತಾರೆ. "ಕಲ್ಲಲ್ಲಿ ಏನಿರತ್ತೆ ಬಿಡಿ" ಅಂದವರಿಗೆಲ್ಲ ನಾನು ಇದನ್ನೇ ಹೇಳುತ್ತಿದ್ದೆ. ತಾಳಗುಂದ ನಮಗೆ ದೂರವೇನಲ್ಲ, ಬಾಯಿ ಮುಚ್ಚುತ್ತಿದ್ದರು.

ಫೋಟೋಕ್ಕೆ ಬೆಳಗಿನ ಎಳೆಬಿಸಿಲು ಅಥವಾ ಇಳಿಬಿಸಿಲು ಒಳ್ಳೆಯದು. ಬೆಳಕು ಅಡ್ಡ ಬಿದ್ದರೆ ಸವೆದ ಅಕ್ಷರವೂ ಏಳುತ್ತದೆ. ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದರೂ ಆಗುತ್ತದೆ. ಸೀಮೆಸುಣ್ಣ, ಮೈದಾ ಹಿಟ್ಟು ಉಜ್ಜಿ ಅಕ್ಷರ ಕಾಣಿಸುವ ಹುಚ್ಚು ಬೇಡ. ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಮುಂದೆ, ಹಿಂದೆ, ಎರಡು ಪಕ್ಕ ತೆಗೆಯಿರಿ. ಒಂದರ ಮೇಲೊಂದು ಅರ್ಧಕ್ಕಿಂತ ಜಾಸ್ತಿ ಹೊಂದುವ ಹಾಗೆ ಸುತ್ತಲೂ ಫೋಟೋ ತೆಗೆದರೆ ಕಂಪ್ಯೂಟರಿನಲ್ಲಿ ಕಲ್ಲಿನ ಮೂರು ಆಯಾಮದ ಚಿತ್ರ ಮಾಡಬಹುದು. ನಮ್ಮೂರ ಕಾಲೇಜು ಹುಡುಗರು ಮೊಬೈಲಿನಲ್ಲೇ ಮಾಡಿದರು.

ಓದುವವರು ಬೇಕಲ್ಲ? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ. ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಕೇಳಿದರೆ ಒಬ್ಬರಲ್ಲ ಒಬ್ಬರು ದಾರಿ ತೋರಿಸುತ್ತಾರೆ. ನಮ್ಮಲ್ಲಿಗೆ ಬಂದವರು ಸಂಭಾವನೆ ಬೇಡ ಅಂದರು. ಆದರೂ ಬಸ್ ಚಾರ್ಜು, ಉಳಿಯುವ ಜಾಗ, ಊಟ, ಪಡಿಯಚ್ಚು ತೆಗೆಯುವ ಕಾಗದ, ಮಸಿ ನಮ್ಮದೇ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿದು, ಮೇಲೆ ಮಸಿ ತಟ್ಟುತ್ತಾರೆ. ಅಕ್ಷರ ಬೆಳ್ಳಗೆ ಉಳಿಯುತ್ತದೆ. ಆ ದಿನ ಊರಿಗೆ ಊರೇ ಏರಿಯ ಕೆಳಗೆ ಇತ್ತು. ಶಾಲೆಗೆ ರಜಾ ಕೊಟ್ಟ ಹಾಗೆ.

ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಅವತ್ತೇ ತಿರುಗಿಸಿದ್ದು. ಮುಖ ಮಣ್ಣಿನೊಳಗಿತ್ತಲ್ಲ, ಮಳೆಯೂ ತಾಗಿಲ್ಲ, ಸೋಪೂ ತಾಗಿಲ್ಲ. ನಿನ್ನೆ ಕೆತ್ತಿದ ಹಾಗಿತ್ತು. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವನೊಬ್ಬ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ತುದಿಗೆ ಸೂರ್ಯ, ಚಂದ್ರ. ಬಂದವರು ಬೆರಳಿಟ್ಟು ಓದಿದರು: "ತುರುವಂ ಮಗುಳ್ಚಿ..." ಅಂದರೆ ಕದ್ದು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತಂದು ಸತ್ತವನು. ಹೆಸರು ಇದ್ದ ಮೂಲೆ ಮಾತ್ರ ಒಡೆದುಹೋಗಿತ್ತು.

ಮೊದಲ ದುಡ್ಡು ಎಲ್ಲಿಂದ ಬಂತು ಗೊತ್ತಾ? ಹೋರಿ ಹುಡುಗರಿಂದ. ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಹಬ್ಬ ಜೋರು. ವರ್ಷವೆಲ್ಲ ಹೋರಿಗೆ ಹಿಂಡಿ, ಹುರುಳಿ ತಿನ್ನಿಸಿ ಸಾಕುವ ಹುಡುಗರು ಅವರು. "ದನಕ್ಕೋಸ್ಕರ ಸತ್ತವನು ಅಂದ್ರೆ ನಮ್ಮವನೇ ಅಲ್ವಾ ಅಕ್ಕ" ಅಂತ 11,000 ರೂಪಾಯಿ ತಂದು ಕೊಟ್ಟರು. ನಾನು ಕೇಳಿಯೇ ಇರಲಿಲ್ಲ.

ಅಂದಾಜು ಪಟ್ಟಿ

ಇದನ್ನು ಮೇಸ್ತ್ರಿ ಹತ್ತಿರ ಬರೆಸಬೇಡಿ. ಕಲ್ಲಿನ ಸಂರಕ್ಷಣೆ ಕಲಿತವರಿಂದ ಬರೆಸಿ, ಇಲಾಖೆಗೆ ತೋರಿಸಿ. ಇಂಟ್ಯಾಕ್ ಅಂತ 1984ರಲ್ಲಿ ಶುರುವಾದ, ಪರಂಪರೆ ಉಳಿಸುವ ಸಂಸ್ಥೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರದೊಂದು ಸಂರಕ್ಷಣಾ ಕೇಂದ್ರವೂ ಇದೆ. ಯಾರನ್ನು ಕೇಳಬೇಕು ಅಂತ ತೋಚದಿದ್ದರೆ ಅಲ್ಲಿಂದ ಶುರು ಮಾಡಿ.

ನಮ್ಮ ಪಟ್ಟಿಯಲ್ಲಿ ದೊಡ್ಡ ಖರ್ಚು ಕಲ್ಲು ಎತ್ತುವುದರದ್ದು. ಜೆಸಿಬಿ ಕರೆಸಿದರೆ 2,000 ರೂಪಾಯಿಗೆ ಮುಗಿಯುತ್ತಿತ್ತು, ಕಲ್ಲೂ ಮುಗಿಯುತ್ತಿತ್ತು. ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಹಾಕಿ, ಕಲ್ಲಿಗೆ ಗೋಣಿಚೀಲ ಸುತ್ತಿ, ಪಟ್ಟಿ ಹಗ್ಗದಲ್ಲಿ ಎತ್ತಿದರು. ಒಂದೊಂದು ಕಲ್ಲಿಗೆ ಅರ್ಧ ದಿನ. ಬುಡಕ್ಕೆ ಜಲ್ಲಿ, ಜಂಬಿಟ್ಟಿಗೆ ಕಲ್ಲು, ಸುಣ್ಣದ ಗಾರೆ. ಸಿಮೆಂಟ್ ಇಲ್ಲ. ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ, ಅದರ ಉಪ್ಪು ಕಲ್ಲಿಗೆ ಇಳಿದು ಪದರ ಪದರವಾಗಿ ಏಳಿಸುತ್ತದೆ. ನಮ್ಮ ಮಳೆಗೆ ಇದು ಇನ್ನೂ ಕೆಟ್ಟದ್ದು.

ಇನ್ನು ಹಾವಸೆ, ಕಲ್ಲುಹೂವು ತೆಗೆಯುವುದು. ನೀರು, ಮೆತ್ತನೆ ಬ್ರಷ್, ಬಿದಿರಿನ ಕಡ್ಡಿ, ಬೇಜಾನ್ ತಾಳ್ಮೆ. ಔಷಧಿ ಹಾಕಬೇಕಾದರೆ ಬಲ್ಲವರೇ ಹಾಕಬೇಕು. ಇಲ್ಲೊಂದು ನೋವಿನ ಕಥೆ ಇದೆ. ಮಹಿಷಮರ್ದಿನಿ ಬಳಪದ ಕಲ್ಲಿನದು. ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಹಿಂದೊಮ್ಮೆ ನಾವೇ ನವರಾತ್ರಿಗೆ ಅಂತ ಪಾಯಿಖಾನೆ ತೊಳೆಯುವ ಆಸಿಡ್ ಹಾಕಿ ಉಜ್ಜಿದ್ದೆವು. ದೇವಿ ಪಳಪಳ ಆದಳು ಅಂತ ಖುಷಿಪಟ್ಟೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊರಳಿನ ಮಣಿಸರ ಪುಡಿಯಾಗಿ ಉದುರಿತು. ಎಷ್ಟು ಲಕ್ಷ ಕೊಟ್ಟರೂ ಅದು ವಾಪಸ್ ಬರುವುದಿಲ್ಲ.

ದುಡ್ಡು ಎಲ್ಲಿಡಬೇಕು

ಒಬ್ಬರ ಹೆಸರಿನ ಖಾತೆ ಬೇಡ. ಅವರು ಎಷ್ಟೇ ಒಳ್ಳೆಯವರಾಗಿರಲಿ. ಸಂಘ ನೋಂದಾಯಿಸಲು 1960ರ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು. ಊರಲ್ಲಿ ಈಗಾಗಲೇ ಯುವಕ ಸಂಘವೋ ಮಹಿಳಾ ಮಂಡಳವೋ ನೋಂದಣಿ ಆಗಿದ್ದರೆ ಅದರಲ್ಲೇ ಬೇರೆ ಖಾತೆ ತೆಗೆಯಿರಿ. ವರ್ಷ ವರ್ಷ ಲೆಕ್ಕ ಸಲ್ಲಿಸುವ ಗೋಳು ಒಂದಾದರೆ ಸಾಕು, ಎರಡು ಯಾಕೆ? ಸಹಿ ಇಬ್ಬರದ್ದು ಇರಲಿ. ಒಬ್ಬರು ಕೇರಿಯ ಈ ಕಡೆಯವರು, ಇನ್ನೊಬ್ಬರು ಆ ಕಡೆಯವರು. ಯಾಕೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೆರಿಗೆ ವಿನಾಯಿತಿ ಕೇಳುವವರು ಬರುತ್ತಾರೆ. ಅದಕ್ಕೆಂದೇ ಇರುವ, 80ಜಿ ಅಂತ ಜನ ಕರೆಯುವ ನೋಂದಣಿ ಆದ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು ಸಿಗುವುದು. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಅದೂ ಇಲ್ಲ. ನಮಗೆ ಆ ನೋಂದಣಿ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆವು. ಅದಕ್ಕಾಗಿ ಹಿಂದೆ ಸರಿದವರು ಇಬ್ಬರೇ.

ಮನೆ ಬಾಗಿಲಲ್ಲಿ

ಈಗ ನನ್ನ ಕಸುಬಿಗೆ ಬಂದೆ.

ಕಾಲ ನೋಡಿ. ಜೂನ್‌ನಲ್ಲಿ ಹೋಗಬೇಡಿ. ಮಕ್ಕಳ ಫೀಸು, ಗೊಬ್ಬರ, ಬೀಜ, ಜನರ ಕೈ ಖಾಲಿ. ಭತ್ತ ಒಕ್ಕಣೆ ಮುಗಿದು, ಅಡಿಕೆ ಮಂಡಿಗೆ ಹೋಗಿ ದುಡ್ಡು ಬರುವುದು ಸಂಕ್ರಾಂತಿ ಆಚೆ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಕಲ್ಲಿನ ಕೆಲಸಕ್ಕೂ ಒಣ ದಿನವೇ ಬೇಕು, ಆರಿದ್ರಾ ಮಳೆ ಹಿಡಿಯುವ ಮುಂಚೆ ಸುಣ್ಣದ ಗಾರೆ ಗಟ್ಟಿಯಾಗಬೇಕು. ಹೊತ್ತು ಸಂಜೆ ಆರರ ಮೇಲೆ. ಬೆಳಗ್ಗೆ ಯಾರ ಮನೆಗೂ ದುಡ್ಡು ಕೇಳಲು ಹೋಗಬಾರದು. ಬೋಣಿ ಆಗದ ಅಂಗಡಿಗಂತೂ ಹೋಗಲೇಬಾರದು.

ಇಬ್ಬರು ಹೋಗಿ. ಒಬ್ಬರು ಹೆಂಗಸಾಗಿರಲಿ. ಗಂಡಸರು ಜಗಲಿಯಲ್ಲಿ 500 ಅಂದರೆ, ಒಳಗಿಂದ ಅಕ್ಕ ಬಂದು ಸೇರಿಸುವ 100 ರೂಪಾಯಿ ಬೇರೆ ಇರುತ್ತದೆ. ಅದಕ್ಕೆ ಬೇರೆ ರಸೀದಿ ಬರೆಯಿರಿ, ಅವರ ಹೆಸರಲ್ಲೇ. ಮಾಸ್ತಿಗಲ್ಲಿನ ಫೋಟೋ ತೋರಿಸಿದಾಗ ಹೆಂಗಸರು ಸುಮ್ಮನಾಗಿಬಿಡುತ್ತಿದ್ದರು. ಬಳೆ ತೊಟ್ಟ ಕೈ, ಎತ್ತಿದ ಹಾಗೇ ಕಲ್ಲಾಗಿದೆ. ಅದರ ಮುಂದೆ ನಾನು ಏನೂ ಹೇಳಬೇಕಾಗುತ್ತಿರಲಿಲ್ಲ.

ದೊಡ್ಡವರಿಂದ ಶುರು ಮಾಡಿದರೆ ಉಳಿದವರೂ ಜಾಸ್ತಿ ಬರೆಯುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಹಾಳೆಯಲ್ಲಿ 10,000 ಕಂಡರೆ, 100 ಕೊಡಬೇಕು ಅಂತಿದ್ದವರು ನಾಚಿಕೆಪಟ್ಟು ಆಮೇಲೆ ಕೊಡುತ್ತೇನೆ ಅಂತಾರೆ. ಅವರು ಮತ್ತೆ ಸಿಗುವುದಿಲ್ಲ. ನಾನು ಟೀ ಅಂಗಡಿ, ಹಿಟ್ಟಿನ ಗಿರಣಿ, ಅಂಗನವಾಡಿಯಿಂದ ಶುರು ಮಾಡಿದೆ. ಒಟ್ಟಿಗೆ ಕೊಡಲು ಆಗದವರಿಗೆ ಪಿಗ್ಮಿ ಲೆಕ್ಕ. ದಿನಕ್ಕೆ 10 ರೂಪಾಯಿ, 100 ದಿನ. ಹೇಗೂ ದಿನಾ ಹೋಗುತ್ತಿದ್ದೆನಲ್ಲ. ಆದರೆ ಸೊಸೈಟಿ ಮೆಷಿನ್ನಿನಲ್ಲಿ ಅದನ್ನು ಬೆರೆಸಲಿಲ್ಲ. ಬೇರೆ ಪುಸ್ತಕ, ಬೇರೆ ಡಬ್ಬಿ. ಊರಿನಿಂದ ಹೀಗೆ ಬಂದದ್ದು 1,08,450.

ಹಣ ಎತ್ತಲು ಶುರು ಮಾಡಿದರೆ ನಿಧಿ ಸುದ್ದಿ ಏಳುತ್ತದೆ. ಖಂಡಿತ ಏಳುತ್ತದೆ. "ಕಲ್ಲಿನ ಬುಡದಲ್ಲಿ ಏನೋ ಸಿಕ್ಕಿದೆಯಂತೆ, ಅದಕ್ಕೇ ಇವರು ಓಡಾಡ್ತಾ ಇದಾರೆ." ನಿಧಿ ಆಸೆಗೆ ಒಡೆದ ವೀರಗಲ್ಲು ಮಲೆನಾಡಿನಲ್ಲಿ ಎಷ್ಟೋ. ಹಾಗಾಗಿ ಬುಡ ತೆರೆಯುವ ದಿನ ಪಂಚಾಯಿತಿಯವರನ್ನು, ಬೀಟ್ ಪೊಲೀಸರನ್ನು ಕರೆಯಿರಿ, ವಿಡಿಯೋ ಮಾಡಿಸಿ. ಏನಾದರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ನಮಗೆ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಕುಡುಗೋಲು, ಎರಡು ಚಪ್ಪಲಿ. ಹಾಗೇ, ಸಣ್ಣ ಮೂರ್ತಿ ಇದ್ದರೆ ಅದು ಎಲ್ಲಿದೆ ಅಂತ ಊರ ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಹರಡಬೇಡಿ. ಕಳ್ಳರೂ ನೋಡುತ್ತಾರೆ. ಅಳತೆ ಸಮೇತ ಫೋಟೋವನ್ನು ಠಾಣೆಗೂ ಇಲಾಖೆಗೂ ಕೊಟ್ಟಿಡಿ. ಕಳುವಾದರೆ ನಮ್ಮದು ಅಂತ ತೋರಿಸಲು ಅದೊಂದೇ ದಾಖಲೆ.

ಬೇಡ ಅನ್ನಬೇಕಾದ ದುಡ್ಡು

ಒಬ್ಬರು 50,000 ಕೊಡುತ್ತೇನೆ ಅಂದರು. ಹತ್ತು ಕಲ್ಲಿಗೂ ಸೇರಿಸಿ ಒಂದು ಆರ್‌ಸಿಸಿ ಗುಡಿ, ಟೈಲ್ಸ್, ಸುತ್ತ ಗ್ರಿಲ್ಲು. ಮುಂದೆ ಅವರ ತಂದೆ ತಾಯಿ ಹೆಸರಿನ ಗ್ರಾನೈಟ್ ಫಲಕ. ಫಲಕದ ಅಳತೆ ಹೇಳಿದರು, ವೀರಗಲ್ಲಿಗಿಂತ ಅಗಲ. ಇನ್ನೊಬ್ಬರು ಮೂರ್ತಿಗೆ ಆಯಿಲ್ ಪೇಂಟ್ ಹೊಡೆಸಿ ಕೊಡುತ್ತೇನೆ ಅಂದರು. ಮತ್ತೊಬ್ಬರಿಗೆ ಭಗ್ನ ಮೂರ್ತಿ ಊರಿಗೆ ಒಳ್ಳೆಯದಲ್ಲ, ಅದನ್ನು ಕೆರೆಗೆ ಬಿಡಿ, ಹೊಸದು ಕೆತ್ತಿಸೋಣ ಅಂತ ಆಸೆ.

ಇಂಥವರು ಕೆಟ್ಟವರಲ್ಲ. ಬೇಡ ಅನ್ನುವುದು ಕಷ್ಟ. ಅದಕ್ಕೇ ಹಣ ಎತ್ತುವ ಮುಂಚೆಯೇ ನಡಾವಳಿಯಲ್ಲಿ ಬರೆಸಿಬಿಡಿ: ಬಣ್ಣ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಹತ್ತಿರ ಯಾರ ಹೆಸರೂ ಇಲ್ಲ. ಆಗ ಬೇಡ ಅಂದದ್ದು ನೀವಲ್ಲ, ಊರು. ಭಗ್ನ ಮೂರ್ತಿಗೆ ಪೂಜೆ ಇಲ್ಲದಿದ್ದರೆ ಇರಲಿ, ನೋಡಲು ಇಡಬಹುದಲ್ಲ ಅಂತ ನಮ್ಮ ಭಟ್ಟರೇ ಹೇಳಿದ್ದು ಸಹಾಯವಾಯಿತು. ಫಲಕದ ವಿಷಯಕ್ಕೆ ಸಭೆಯಲ್ಲಿ ಜಗಳವೇ ಆಯಿತು. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಸತ್ತವನ ಹೆಸ್ರೇ ಒಡ್ದು ಹೋಗದೆ, ನಿಂದೆಂಥಕ್ಕೆ?" ಅಂದರು. 50,000 ಅಂದವರು ಎದ್ದು ಹೋದರು. ಮಾರ್ಚ್‌ನಲ್ಲಿ ವಾಪಸ್ ಬಂದು 30,000 ಕೊಟ್ಟರು, ಅಪ್ಪನ ನೆನಪಿಗೆ ಅಂತ, ರಸೀದಿಯಲ್ಲಿ ಮಾತ್ರ ಹೆಸರು.

ದೂರದವರು, ದೊಡ್ಡವರು

ಬೆಂಗಳೂರು, ದುಬೈ, ಅಮೆರಿಕದಲ್ಲಿರುವ ಊರ ಮಕ್ಕಳಿಂದ ಬಂದದ್ದು 1,42,000. ಅವರಿಗೆ ಪಡಿಯಚ್ಚಿನ ಫೋಟೋ ಮತ್ತು ಅಂದಾಜು ಪಟ್ಟಿ ಕಳಿಸಿದೆವು, ಮನವಿ ಪತ್ರ ಅಲ್ಲ. ಒಂದು ಎಚ್ಚರ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರ ದುಡ್ಡು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿ ತೆಗೆದುಕೊಂಡರೂ ತಪ್ಪು. ಮೊದಲೇ ಕೇಳಿಬಿಡಿ, ಊರಲ್ಲಿರುವ ಅವರ ತಾಯಿಯಿಂದ ಕೊಡಿಸುತ್ತೇವೆ ಅನ್ನುವ ಕಳ್ಳದಾರಿಯೂ ಬೇಡ.

ಕಂಪನಿ ದುಡ್ಡು ಬೇಕು ಅನ್ನುವವರಿಗೆ: 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ ರಕ್ಷಣೆಯೂ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ದುಡ್ಡು) ಪಟ್ಟಿಯಲ್ಲಿದೆ. ಆದರೆ ತೆಗೆದುಕೊಳ್ಳುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. 3 ಲಕ್ಷದ ಕೆಲಸಕ್ಕೆ ಅಷ್ಟು ಓಡಾಟ ಬೇಡ. ಪೂರ್ತಿ ದೇವಸ್ಥಾನವೇ ಕುಸಿಯುತ್ತಿದ್ದರೆ ಮಾತು ಬೇರೆ. ಆಗ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್‌ಗೆ ಅರ್ಜಿ ಹಾಕಿ. ಸರ್ಕಾರ, ಟ್ರಸ್ಟ್, ಊರವರು ಮೂವರೂ ಪಾಲು ಹಾಕಿ ಹಳೇ ಗುಡಿಗಳನ್ನು ಎತ್ತಿ ನಿಲ್ಲಿಸುವ ಪದ್ಧತಿ ಅವರದು. ಕೇಂದ್ರದಲ್ಲಿ 1996ರಿಂದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದೆ, ಅದೂ ದೊಡ್ಡ ಕೆಲಸಗಳಿಗೆ. ನಮಗೆ ನಮ್ಮ ಸೊಸೈಟಿಯೇ 25,000 ಕೊಟ್ಟಿತು. ವಾರ್ಷಿಕ ಸಭೆಯಲ್ಲಿ ನಾನೇ ಎದ್ದು ನಿಂತು ಕೇಳಿದ್ದು. ಕೈ ನಡುಗುತ್ತಿತ್ತು.

ಲೆಕ್ಕ

ಕೆಲಸ ನಡೆದಷ್ಟು ದಿನ ಪ್ರತಿ ಶನಿವಾರ ಹಾಲಿನ ಡೈರಿ ಗೋಡೆಗೆ ಲೆಕ್ಕ ಅಂಟಿಸಿದೆವು. ಡೈರಿಗೆ ಎಲ್ಲರೂ ಬರುತ್ತಾರೆ, ಪಂಚಾಯಿತಿಗೆ ಬರುವುದಿಲ್ಲ. ಚಹಾದ ಖರ್ಚೂ ಬರೆದೆವು. "ಇಷ್ಟು ಚಹಾ ಯಾರು ಕುಡಿದ್ರು?" ಅಂತ ಒಬ್ಬರು ಕೇಳಿದರು. ಕೇಳಲಿ. ಚಹಾ ಬಗ್ಗೆ ಕೇಳುವವರು ಚೈನ್ ಬ್ಲಾಕ್ ಬಾಡಿಗೆ ಬಗ್ಗೆ ಅನುಮಾನಪಡುವುದಿಲ್ಲ.

ಉಳಿದ 12,250ರಲ್ಲಿ ಊಟ ಹಾಕಿಸೋಣ ಅಂದರು ಕೆಲವರು. ಬೇಡ ಅಂದೆ. ಮಲೆನಾಡಿನ ಕಲ್ಲಿಗೆ ಒಂದೇ ಮಳೆಗಾಲದಲ್ಲಿ ಹಾವಸೆ ವಾಪಸ್ ಬರುತ್ತದೆ. ನೀರು ಹೋಗುವ ಚರಂಡಿ ಬಿಡಿಸಬೇಕು, ಬುಡದ ಹುಲ್ಲು ಕೀಳಬೇಕು, ಬ್ರಷ್ ಹಾಕಬೇಕು. ಭೂಮಿ ಹುಣ್ಣಿಮೆ ಕಳೆದ ಮೊದಲ ಭಾನುವಾರ ಆ ಕೆಲಸ ಅಂತ ಗೊತ್ತು ಮಾಡಿದ್ದೇವೆ. ಉಳಿದ ದುಡ್ಡು ಠೇವಣಿಯಲ್ಲಿದೆ. ಟೀ ಅಂಗಡಿಯವರ 100 ದಿನ ಯಾವಾಗಲೋ ಮುಗಿದಿದೆ. ಆದರೂ ಸಂಜೆ ನಾನು ಹೋದರೆ ಪಿಗ್ಮಿಗೆ ಒಂದು 50, ಅದರ ಮೇಲೆ ಬೇರೆಯಾಗಿ ಒಂದು 10 ರೂಪಾಯಿ ಇಡುತ್ತಾರೆ. "ಇದು ದನ ಕಾಯೋನಿಗೆ" ಅಂತಾರೆ. ನಾನು ಚೀಟಿ ಬರೆದುಕೊಡುತ್ತೇನೆ.